ಕೂರು ಎಂಬ ಊರು, ಅದರ ಹಿಂದಿನ ಕಾಡು

ಊರಿನ ಹೆಸರು ಕೂರು. ಅಲ್ಲಿ ನಡೆಯುವ ಕೆಲಸವೋ, ನೂರಾರು ಟನ್ ತೂಕದ ರಾಕೆಟ್ಟನ್ನು ನೆಲದಿಂದ ಎಬ್ಬಿಸುವುದು. ನಮ್ಮ ಪತ್ರಿಕೆಗಳು ಇಂಗ್ಲಿಷ್ ಕಾಗುಣಿತ ನೋಡಿಕೊಂಡು ‘ಕೌರು’ ಎಂದು ಬರೆಯುತ್ತ ಬಂದಿವೆ. ಅಲ್ಲಿಯವರ ಬಾಯಲ್ಲಿ ಅದು ಕೂರು. ಹಾಸನದವರಿಗೆ ಈ ಹೆಸರು ಹೊಸದೇನಲ್ಲ. ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ಮರಗಳ ಮೇಲಿಂದ ದೊಡ್ಡ ದೊಡ್ಡ ಬಿಳಿ ಬುಟ್ಟಿಗಳಂತೆ ಆಂಟೆನಾಗಳು ಕಾಣುತ್ತವಲ್ಲ, ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, 1982ರಿಂದ ಅಲ್ಲಿರುವುದು. ಊರಿನವರಿಗೆ ಬರೀ ಎಂಸಿಎಫ್. ಕೂರಿನಿಂದ ಹೊರಟ ನಮ್ಮ ಉಪಗ್ರಹ ರಾಕೆಟ್ಟಿನಿಂದ ಕಳಚಿಕೊಂಡ ಮೇಲೆ ಅದರ ಲಗಾಮು ಹಿಡಿಯುವುದು ಈ ಬುಟ್ಟಿಗಳೇ.

ಎರಡೂ ಊರುಗಳ ಗಡಿಯಾರಕ್ಕೆ ಎಂಟೂವರೆ ಗಂಟೆಯ ಅಂತರ. 2018ರ ಡಿಸೆಂಬರ್ 5ರ ನಸುಕಿನ 2 ಗಂಟೆ 7 ನಿಮಿಷಕ್ಕೆ, ಹಾಸನ ಕಂಬಳಿ ಹೊದ್ದು ಮಲಗಿದ್ದಾಗ, ಅಲ್ಲಿ ಹಿಂದಿನ ದಿನದ ಸಂಜೆ. 5,854 ಕಿಲೋ ತೂಕದ ಜಿಸ್ಯಾಟ್-11 ಏರಿಯಾನ್ ರಾಕೆಟ್ಟಿನ ತಲೆಯ ಮೇಲೆ ಕೂತು ಹೊರಟಿತು. ಇಸ್ರೊ ಅಲ್ಲಿಯವರೆಗೆ ಕಟ್ಟಿದ್ದರಲ್ಲೆಲ್ಲ ಭಾರಿ ಉಪಗ್ರಹ ಅದು. ಆ ವರ್ಷ ಏಪ್ರಿಲ್‌ನಲ್ಲಿ ಅದನ್ನು ಕೂರಿನ ತನಕ ಒಯ್ದು, ಇನ್ನೊಮ್ಮೆ ತಪಾಸಣೆ ಮಾಡಬೇಕೆಂದು ಬೆಂಗಳೂರಿಗೇ ವಾಪಸು ತರಿಸಿಕೊಂಡಿದ್ದರು. ಹಾಗಾಗಿ ಆಕಾಶಕ್ಕೆ ಹೋಗುವ ಮೊದಲೇ ಅದು ಅಟ್ಲಾಂಟಿಕ್ ಸಾಗರವನ್ನು ಮೂರು ಸಲ ದಾಟಿತ್ತು. 1981ರ ಆ್ಯಪಲ್‌ನಿಂದ ಹಿಡಿದು 2022ರ ಜಿಸ್ಯಾಟ್-24ರವರೆಗೆ ಭಾರತದ 25 ಉಪಗ್ರಹಗಳು ಹೊರಟಿದ್ದು ಅದೇ ಊರಿನಿಂದ.

ಆ್ಯಪಲ್ ಎಂದರೆ ಎಲ್ಲರಿಗೂ ನೆನಪಾಗುವುದು ಎತ್ತಿನ ಗಾಡಿ. ಉಪಗ್ರಹವನ್ನು ಗಾಡಿಯ ಮೇಲಿಟ್ಟು ಬೆಂಗಳೂರಿನಲ್ಲಿ ತೆಗೆದ ಆ ಫೋಟೊ ನೋಡಿ ಬಡದೇಶದ ಪಾಡು ಎಂದುಕೊಳ್ಳುವವರು ಈಗಲೂ ಇದ್ದಾರೆ. ಅಸಲಿಗೆ, ಲಾರಿಯ ಕಬ್ಬಿಣ ಆಂಟೆನಾ ಪರೀಕ್ಷೆಗೆ ಅಡ್ಡ ಬರುತ್ತದೆಂದು ಬೇಕೆಂದೇ ಮರದ ಗಾಡಿ ಕಟ್ಟಿಸಿದ್ದು. ಆ ಗಾಡಿಯನ್ನು ನೂರು ಸಲ ನೋಡಿದ್ದೇವೆ. ಗಾಡಿಯಿಂದಿಳಿದು ಆ್ಯಪಲ್ ಹೋದ ಊರು ಹೇಗಿದೆ, ಅದರ ಬೆನ್ನಿಗೆ ಏನಿದೆ, ಯಾರಿದ್ದಾರೆ ಎಂದು ಕೇಳಿದವರು ಕಡಿಮೆ. ಸುದ್ದಿಯಲ್ಲಿ ‘ಫ್ರೆಂಚ್ ಗಯಾನಾದ ಕೌರುವಿನಿಂದ’ ಎಂಬಲ್ಲಿಗೆ ವಾಕ್ಯ ಮುಗಿಯುತ್ತದೆ. ನಾನೂ ಅಲ್ಲಿಗೆ ಹೋದವನಲ್ಲ. ಆದರೆ ಆ ವಾಕ್ಯ ಮುಗಿದ ಕಡೆಯಿಂದ ಮುಂದೆ ಓದುತ್ತ ಹೋದರೆ, ಕಾಡೇ ಕಾಡು.

ಲೆಕ್ಕ ಹೇಳುವುದಾದರೆ: ಫ್ರೆಂಚ್ ಗಯಾನಾದ ವಿಸ್ತೀರ್ಣ ಸುಮಾರು 84,000 ಚದರ ಕಿಲೋಮೀಟರ್, ನಮ್ಮ ರಾಜ್ಯದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಜನಸಂಖ್ಯೆ ಸುಮಾರು 3 ಲಕ್ಷ. ಹಾಸನ ಜಿಲ್ಲೆಯೊಂದರಲ್ಲೇ 2011ರಲ್ಲಿ 17 ಲಕ್ಷ ದಾಟಿತ್ತು. ಆ 3 ಲಕ್ಷದಲ್ಲೂ ಬಹುಪಾಲು ಜನ ಕಯೆನ್, ಕೂರು, ಸ್ಯಾಂ-ಲೊರಾಂ ಎಂಬ ಕರಾವಳಿ ಊರುಗಳಲ್ಲಿ. ನೆಲದ ಶೇ 95ಕ್ಕೂ ಹೆಚ್ಚು ಭಾಗ ಮಳೆಕಾಡು. ಒಳನಾಡಿನ ಮಾರಿಪಸೂಲ ಎಂಬುದು ಫ್ರಾನ್ಸಿನ ಲೆಕ್ಕದಲ್ಲಿ ಒಂದು ಕಮ್ಯೂನ್, ನಮ್ಮ ಪಂಚಾಯ್ತಿಯ ಹಾಗೆ. ಅದರ ಹರವು 18,000 ಚದರ ಕಿಲೋಮೀಟರ್ ಮೀರುತ್ತದೆ. ಬೆಳಗಾವಿ ಜಿಲ್ಲೆಗಿಂತ ದೊಡ್ಡ ಪಂಚಾಯ್ತಿ! ಅದಕ್ಕೆ ಕರಾವಳಿಯಿಂದ ರಸ್ತೆಯಿಲ್ಲ. ಸಣ್ಣ ವಿಮಾನದಲ್ಲಿ ಹೋಗಬೇಕು, ಇಲ್ಲವೇ ದೋಣಿಯಲ್ಲಿ ದಿನಗಟ್ಟಲೆ ನದಿ ಹತ್ತಬೇಕು. ಸಾವುಲ್ ಎಂಬ ಇನ್ನೊಂದು ಊರಿಗೆ ವಿಮಾನವೊಂದೇ ಗತಿ. ಇಷ್ಟಾಗಿಯೂ ಇದು ಫ್ರಾನ್ಸಿನ ವಸಾಹತಲ್ಲ, 1946ರಿಂದ ಸಾಕ್ಷಾತ್ ಫ್ರಾನ್ಸೇ. ಯೂರೊ ನೋಟು ನಡೆಯುತ್ತದೆ, ಪ್ಯಾರಿಸ್ಸಿನ ಸಂಸತ್ತಿಗೆ ವೋಟು ಹಾಕುತ್ತಾರೆ. ಫ್ರಾನ್ಸಿಗೆ ಅತಿ ಉದ್ದದ ಭೂಗಡಿ ಇರುವುದು ಸ್ಪೇನ್ ಜೊತೆಗಲ್ಲ, ಬೆಲ್ಜಿಯಂ ಜೊತೆಗಲ್ಲ, ಬ್ರೆಜಿಲ್ ಜೊತೆಗೆ: 730 ಕಿಲೋಮೀಟರ್. ಕ್ವಿಜ್‌ನಲ್ಲಿ ಕೇಳಿದರೆ ಮುಕ್ಕಾಲು ಮಂದಿ ತಪ್ಪು ಹೇಳುತ್ತಾರೆ.

ಈ ನಾಡಿನ ಬಗ್ಗೆ ಹೊರಗಿನವರು ಬರೆದಿದ್ದನ್ನೆಲ್ಲ ಓದಿದರೆ ಒಂದು ಪದ ಪದೇ ಪದೇ ಎದುರಾಗುತ್ತದೆ: ಖಾಲಿ. ರಾಕೆಟ್ ಇಲ್ಲಿಗೆ ಬಂದದ್ದೂ ಅದರ ಬಲದ ಮೇಲೆಯೇ. ಫ್ರಾನ್ಸ್ ಮೊದಲು ರಾಕೆಟ್ ಹಾರಿಸುತ್ತಿದ್ದುದು ಅಲ್ಜೀರಿಯಾದ ಮರುಭೂಮಿಯಿಂದ. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು, ಜಾಗ ಬಿಡಬೇಕಾಯಿತು. 1964ರಲ್ಲಿ ಕೂರು ಗೊತ್ತಾಯಿತು. ಸಮಭಾಜಕಕ್ಕೆ ಬರೀ 5 ಡಿಗ್ರಿ ದೂರ, ಹಾಗಾಗಿ ಭೂಮಿ ತಿರುಗುವ ವೇಗವೇ ರಾಕೆಟ್ಟಿಗೆ ಬೆನ್ನು ತಟ್ಟಿ ಕಳಿಸುತ್ತದೆ, ಇಂಧನ ಉಳಿಯುತ್ತದೆ. ಪೂರ್ವಕ್ಕೂ ಉತ್ತರಕ್ಕೂ ತೆರೆದ ಸಮುದ್ರ, ಬಿದ್ದರೆ ನೀರಿಗೆ. ಚಂಡಮಾರುತ ಇಲ್ಲ, ಭೂಕಂಪ ಇಲ್ಲ. ಮತ್ತೆ, ಜನ ಇಲ್ಲ. ಈ ಕೊನೆಯದು ಮಾತ್ರ ಪೂರ್ತಿ ನಿಜವಲ್ಲ. ಕರಾವಳಿಯ ಆ ಪಟ್ಟಿಯಲ್ಲಿ ಮಲ್ಮನೂರಿಯಂಥ ಕ್ರಿಯೋಲ್ (ಹಿಂದಿನ ಗುಲಾಮರ ಸಂತತಿಯ ಮಿಶ್ರ ಜನ) ಹಳ್ಳಿಗಳಿದ್ದವು, ದನ ಇತ್ತು, ಗದ್ದೆತೋಟ ಇತ್ತು. ನೂರಾರು ಮಂದಿಯನ್ನು ಎಬ್ಬಿಸಿ ಕೂರಿನ ಹೊಸ ಬಡಾವಣೆಗಳಿಗೆ ತಂದು ಕೂರಿಸಿದರು. ನಮ್ಮ ಉಡಾವಣಾ ಕೇಂದ್ರಕ್ಕೆ ಜಾಗ ಬಿಟ್ಟ ಶ್ರೀಹರಿಕೋಟದ ಯಾನಾದಿ ಬುಡಕಟ್ಟಿನವರನ್ನು ಕೇಳಿದರೂ ಇದೇ ಬಗೆಯ ಕಥೆ ಹೇಳಿಯಾರು. 1968ರ ಏಪ್ರಿಲ್‌ನಲ್ಲಿ ಮೊದಲ ರಾಕೆಟ್ ಹಾರಿತು.

ಹಾಗಾದರೆ ಇವರಿಗೂ ಮೊದಲು ಇಲ್ಲಿ ಯಾರೂ ಇರಲಿಲ್ಲವೆ? ಕೂರು ಸುತ್ತಮುತ್ತಲ ಜೌಗು ಬಯಲುಗಳನ್ನು ವಿಮಾನದಿಂದ ನೋಡಿದರೆ ಸಾಲುಸಾಲಾಗಿ ಮಣ್ಣಿನ ಗುಪ್ಪೆಗಳು ಕಾಣುತ್ತವೆ, ಯಾರೋ ಅಳತೆ ಹಿಡಿದು ಇಟ್ಟಂತೆ. ಪುರಾತತ್ವದವರು ಅಗೆದು ನೋಡಿದರು. ಸುಮಾರು ಸಾವಿರ ವರ್ಷದ ಹಿಂದಿನ ಕೃಷಿಕರು ನೀರು ನಿಲ್ಲುವ ಜಾಗದಲ್ಲಿ ಮಣ್ಣೇರಿಸಿ ಮಡಿ ಮಾಡಿಕೊಂಡು ಮುಸುಕಿನ ಜೋಳ, ಮರಗೆಣಸು, ಕುಂಬಳ ಬೆಳೆಯುತ್ತಿದ್ದರು. ಇರುವೆ, ಗೆದ್ದಲು, ಎರೆಹುಳುಗಳು ಆ ಗುಪ್ಪೆಗಳಲ್ಲೇ ಮನೆ ಮಾಡಿಕೊಂಡದ್ದರಿಂದ ಇಷ್ಟು ಮಳೆಯಲ್ಲೂ ಅವು ಕರಗದೆ ಉಳಿದಿವೆ. ಒಳಗಿನ ಗುಡ್ಡಗಳ ನೆತ್ತಿಯಲ್ಲಿ ಸುತ್ತ ಕಂದಕ ತೋಡಿದ ನೆಲೆಗಳು ಸಿಕ್ಕಿವೆ. ದಟ್ಟಕಾಡು ಎಂದುಕೊಂಡದ್ದು ಎಷ್ಟೋ ಕಡೆ ಹಳೆಯ ಹಿತ್ತಲು. ಯುರೋಪಿನ ಹಡಗುಗಳ ಜೊತೆ ಸಿಡುಬು, ದಡಾರ, ಶೀತಜ್ವರ ಬಂದವು. ಆ ರೋಗಗಳ ಪರಿಚಯವೇ ಇರದ ಮೈಗಳು ಊರಿಗೆ ಊರೇ ಉರುಳಿದವು. ಹಿತ್ತಲ ಮೇಲೆ ಕಾಡು ಹಬ್ಬಿತು. ನೂರಿನ್ನೂರು ವರ್ಷದ ಮೇಲೆ ಬಂದವರು ಆ ಹಸಿರನ್ನು ನೋಡಿ, ಇಲ್ಲಿ ಎಂದೂ ಯಾರೂ ಇರಲೇ ಇಲ್ಲ ಎಂದು ಬರೆದಿಟ್ಟರು.

ಖಾಲಿ ಎಂದು ಬರೆದಿಟ್ಟ ಮೇಲೆ ತುಂಬಲು ಹೊರಟರು. ಕೆನಡಾವನ್ನು ಇಂಗ್ಲಿಷರಿಗೆ ಸೋತ ಫ್ರಾನ್ಸ್ 1763ರಿಂದ ಎರಡು ವರ್ಷದಲ್ಲಿ ಸುಮಾರು 12,000 ಮಂದಿಯನ್ನು ಕೂರಿನ ದಡಕ್ಕೆ ಕಳಿಸಿತು. ಬಹಳ ಮಂದಿ ಆಲ್ಸಾಸಿನ, ಜರ್ಮನ್ ಸೀಮೆಯ ರೈತಾಪಿಗಳು. ಬೀಡು ಸಿದ್ಧವಾಗುವ ಮೊದಲೇ ಹಡಗುಗಳು ಒಂದರ ಹಿಂದೊಂದು ಬಂದು ನಿಂತವು. ಅದೂ ಮಳೆಗಾಲದಲ್ಲಿ. ಸೂರಿಲ್ಲ, ಕಾಳಿಲ್ಲ, ಜ್ವರ, ರಕ್ತಭೇದಿ. ಬಂದವರಲ್ಲಿ ಬಹುಪಾಲು ಸತ್ತರು. ಬದುಕಿದವರು ಎದುರಿನ ಮೂರು ಪುಟ್ಟ ದ್ವೀಪಗಳಿಗೆ ಓಡಿದರು. ಅಲ್ಲಿ ಗಾಳಿಯಿತ್ತು, ಸೊಳ್ಳೆ ಕಡಿಮೆ. ಅದಕ್ಕೆ ಮುಂಚೆ ದೆವ್ವದ ದ್ವೀಪಗಳೆನಿಸಿಕೊಂಡಿದ್ದವಕ್ಕೆ ಪಾರುಗಾಣಿಸಿದ ದ್ವೀಪಗಳೆಂದು ಹೆಸರು ಬದಲಾಯಿತು. ಒಂದಕ್ಕೆ ಮಾತ್ರ ದೆವ್ವದ ಹೆಸರು ಹಾಗೇ ಉಳಿಯಿತು, ಮುಂದೆ ಬೇಕಾಗುತ್ತದೆ ಎಂಬ ಹಾಗೆ.

ಬೇಕಾಯಿತು. 1852ರಿಂದ ಫ್ರಾನ್ಸ್ ತನ್ನ ಕೈದಿಗಳನ್ನು ಇಲ್ಲಿಗೆ ಸಾಗಿಸತೊಡಗಿತು. ನಮಗೆ ಅಂಡಮಾನ್ ಹೇಗೋ ಅವರಿಗೆ ಇದು ಹಾಗೆ, ಕರಿನೀರು. ನೂರು ವರ್ಷದಲ್ಲಿ ಸುಮಾರು 70,000 ಮಂದಿ. ಬೇಹುಗಾರನೆಂಬ ಸುಳ್ಳು ಆರೋಪ ಹೊತ್ತ ಸೇನಾಧಿಕಾರಿ ಆಲ್ಫ್ರೆಡ್ ಡ್ರೇಫಸ್‌ನನ್ನು 1895ರಿಂದ 1899ರವರೆಗೆ ಆ ದೆವ್ವದ ದ್ವೀಪದಲ್ಲೇ ಒಂಟಿಯಾಗಿ ಇಟ್ಟಿದ್ದರು. ಶಿಕ್ಷೆಗಿಂತ ಕ್ರೂರವಾದದ್ದು ಶಿಕ್ಷೆ ಮುಗಿದ ಮೇಲಿನ ಕಾನೂನು. ಎಂಟು ವರ್ಷಕ್ಕಿಂತ ಕಡಿಮೆ ಶಿಕ್ಷೆಯಾಗಿದ್ದರೆ, ಬಿಡುಗಡೆಯಾದ ಮೇಲೂ ಅಷ್ಟೇ ವರ್ಷ ಗಯಾನಾದಲ್ಲೇ ಇರಬೇಕು. ಎಂಟೋ ಮೇಲ್ಪಟ್ಟೋ ಆಗಿದ್ದರೆ ಸಾಯುವ ತನಕ. ಬಿಡುಗಡೆಯಾದವನಿಗೆ ಕೆಲಸವಿಲ್ಲ, ಹೋಗಲು ಹಡಗಿಲ್ಲ. ಜನ ತುಂಬಿಸುವ ಉಪಾಯ ಇದು, ತುಂಬಿದ್ದು ಮಾತ್ರ ಸ್ಮಶಾನ. ಪತ್ರಕರ್ತ ಆಲ್ಬೇರ್ ಲೊಂದ್ರ್ 1923ರಲ್ಲಿ ಹೋಗಿ ನೋಡಿ ಬರೆದ ವರದಿಗಳು ಪ್ಯಾರಿಸ್ಸನ್ನು ಅಲುಗಿಸಿದವು. ಕಡೆಯ ಕೈದಿಗಳು ಊರಿಗೆ ಮರಳಿದ್ದು 1953ರಲ್ಲಿ. ಆ ದ್ವೀಪಗಳು ಈಗ ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಯ ಕೈಯಲ್ಲಿವೆ. ಹಾಳು ಸೆರೆಮನೆ ನೋಡಲು ಪ್ರವಾಸಿಗರು ಬರುತ್ತಾರೆ. ಉಡಾವಣೆಯ ದಿನ ರಾಕೆಟ್ ತಲೆಯ ಮೇಲೆ ಹಾದುಹೋಗುವುದರಿಂದ ಎಲ್ಲರನ್ನೂ ದಡಕ್ಕೆ ಕಳಿಸಿ ದ್ವೀಪ ತೆರವು ಮಾಡುತ್ತಾರೆ. ಕೈದಿಗಳ ಕಾಲದಲ್ಲಿ ಒಬ್ಬರಿಗೂ ಸಿಗದ ಸೌಕರ್ಯ.

ಕರಾವಳಿಯ ಕಥೆ ಇಷ್ಟು ಸಾಕು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ನದಿ. ಗಯಾನಾದ ಪಶ್ಚಿಮದ ಗಡಿ ಮರೋನಿ ನದಿ, ಆಚೆ ದಡ ಸುರಿನಾಮ್. ಪೂರ್ವದ ಗಡಿ ಒಯಾಪೊಕ್, ಆಚೆ ಬ್ರೆಜಿಲ್. ನಕ್ಷೆಯಲ್ಲಿ ಗಡಿ, ಅಲ್ಲಿಯವರಿಗೆ ಬೀದಿ. ಈ ದಡದಲ್ಲಿ ಮನೆ, ಆ ದಡದಲ್ಲಿ ಅಂಗಡಿ. ಮಾರಿಪಸೂಲದ ಎದುರು ದಡದಲ್ಲಿ ಚೀನೀಯರ ಅಂಗಡಿಗಳ ಸಾಲೇ ಇದೆ. ಅಕ್ಕಿ, ಡೀಸೆಲ್, ಮೋಟಾರಿನ ಬಿಡಿಭಾಗ ಎಲ್ಲ ಫ್ರಾನ್ಸಿನ ದಡಕ್ಕಿಂತ ಅಗ್ಗ. ಮರೋನಿಯ ನಡುಹರಿವಿನಲ್ಲಿ ಬದುಕುವವರು ಎನ್‌ಜ್ಯೂಕ, ಪಾಮಕ, ಅಲುಕು ಜನ, ಒಟ್ಟಾಗಿ ಮರೂನರು. ಇವರ ಪೂರ್ವಿಕರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಸುರಿನಾಮಿನ ಡಚ್ ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿ, ನದಿಯ ಕಲ್ಲುಗಂಡಿಗಳ ಮೇಲ್ಗಡೆ ಊರು ಕಟ್ಟಿಕೊಂಡವರು. ಡಚ್ಚರ ಪಡೆಗಳ ಜೊತೆ ದಶಕಗಟ್ಟಲೆ ಕಾದಾಡಿದರು. ಕಡೆಗೆ 1760ರಲ್ಲಿ ಡಚ್ ಸರ್ಕಾರವೇ ಎನ್‌ಜ್ಯೂಕರ ಜೊತೆ ಒಪ್ಪಂದ ಮಾಡಿಕೊಂಡು ಅವರನ್ನು ಸ್ವತಂತ್ರರೆಂದು ಒಪ್ಪಬೇಕಾಯಿತು. ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಕೊನೆಗಾಣಿಸಿದ್ದು 1848ರಲ್ಲಿ. ಅದಕ್ಕೂ 88 ವರ್ಷ ಮೊದಲೇ ಇವರು ತಮ್ಮ ಬಿಡುಗಡೆಯನ್ನು ತಾವೇ ಬರೆಸಿಕೊಂಡಿದ್ದರು. ಅಲುಕುಗಳ ನಾಯಕ ಬೋನಿ ಒಪ್ಪಂದಕ್ಕೆ ಸಿಗದೆ ಹೋರಾಡಿ 1793ರಲ್ಲಿ ಹತನಾದ. ಅವನ ಜನ ಫ್ರೆಂಚ್ ಕಡೆಗೆ ಸರಿದರು. ಮುಂದೆ ನದಿಯ ಯಾವ ಕವಲು ಗಡಿ ಎಂದು ಡಚ್ಚರೂ ಫ್ರೆಂಚರೂ ಜಗಳವಾಡಿ ಪಂಚಾಯ್ತಿಗೆ ಹೋದದ್ದು ರಷ್ಯಾದ ಜಾರ್ ದೊರೆಯ ಹತ್ತಿರ. 1891ರಲ್ಲಿ ಅವನು ಲಾವ ಕವಲನ್ನು ಗಡಿ ಮಾಡಿದ. ಹಿಮದ ಅರಮನೆಯಲ್ಲಿ ಕೂತು ಕಾಡಿನ ಹೊಳೆ ಹಂಚಿದ!

ಆ ಹೊಳೆಯಲ್ಲಿ ದೋಣಿ ನಡೆಸುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದೇ ದೊಡ್ಡ ಮರದ ದಿಂಡನ್ನು ಕೊರೆದು, ಬೆಂಕಿಯ ಕಾವು ಕೊಟ್ಟು ಹಲಗೆ ಬಿರಿಯದಂತೆ ಅಗಲಿಸಿ, ಪಕ್ಕಕ್ಕೆ ಹಲಗೆ ಏರಿಸಿ ಮಾಡಿದ ಉದ್ದನೆಯ ದೋಣಿ. ಹಿಂಭಾಗದಲ್ಲಿ ಮೋಟಾರು ಹಿಡಿದವನು ಕೂತಿರುತ್ತಾನೆ. ನಿಜವಾದ ಯಜಮಾನ ಮೂತಿಯಲ್ಲಿ ನಿಂತವನು. ಅವನ ಕೈಯಲ್ಲೊಂದು ಉದ್ದನೆಯ ಗಳ, ಅದರ ಹೆಸರು ತಕಾರಿ. ನದಿ ಅಲ್ಲಲ್ಲಿ ಬಂಡೆ ಹಾಸಿನ ಮೇಲೆ ಒಡೆದು ಹತ್ತಾರು ಸೀಳಾಗಿ ಧುಮುಕುತ್ತದೆ. ಇಂಥ ಜಾಗಕ್ಕೆ ಮರೂನರ ಮಾತಿನಲ್ಲಿ ಸೂಲ ಎನ್ನುತ್ತಾರೆ. ಮಾರಿಪ ಒಂದು ಜಾತಿಯ ತಾಳೆ. ಎರಡೂ ಸೇರಿ ಮಾರಿಪಸೂಲ. ಮುಂದಿನವನು ನೀರಿನ ಮೈ ನೋಡುತ್ತಾನೆ. ಎಲ್ಲಿ ನುಣ್ಣಗಿದೆ, ಎಲ್ಲಿ ಸುಕ್ಕು ಬಿದ್ದಿದೆ, ಎಲ್ಲಿ ಬೆನ್ನುಬ್ಬಿದೆ ಎಂಬುದರಲ್ಲೇ ಅಡಿಯ ಬಂಡೆಯ ಗುರುತು. ಮಾತಾಡುವುದಿಲ್ಲ, ಮೋಟಾರಿನ ಸದ್ದಿನಲ್ಲಿ ಮಾತು ಕೇಳುವುದೂ ಇಲ್ಲ. ಕೈಸನ್ನೆಯಲ್ಲೇ ಹಿಂದಿನವನಿಗೆ ಎಡ, ಬಲ, ನಿಲ್ಲಿಸು. ಕಲ್ಲಿಗೆ ಗಳ ಊರಿ, ಎದೆಯೊಡ್ಡಿ ತಳ್ಳಿ ಮೂತಿ ತಿರುಗಿಸುತ್ತಾನೆ. ನಿನ್ನೆ ಹೋದ ದಾರಿ ಇಂದು ಇರುವುದಿಲ್ಲ, ನೀರು ಒಂದು ಮೊಳ ಇಳಿದಿದ್ದರೆ ನಕ್ಷೆಯೇ ಬೇರೆ. ಫ್ರಿಜ್ಜು, ಸಿಮೆಂಟು, ಪೆಟ್ರೋಲಿನ ಡ್ರಮ್ಮು, ಶಾಲೆಯ ಬೆಂಚು, ಎಲ್ಲ ಮೇಲೂರಿಗೆ ಹೋಗುವುದು ಈ ಗಳದವನ ಕಣ್ಣಳತೆಯ ಮೇಲೆ. 2024ರ ಕೊನೆಯಲ್ಲಿ ಭಾರಿ ಬರ ಬಂದು ಮರೋನಿ ಬಂಡೆ ಕಾಣುವಷ್ಟು ಬತ್ತಿದಾಗ ದೋಣಿಗಳು ನಿಂತವು. ಮೇಲೂರುಗಳಿಗೆ ವಿಮಾನದಲ್ಲಿ ಆಹಾರ ಸಾಗಿಸಬೇಕಾಯಿತು. ಮಳೆಕಾಡಿನಲ್ಲಿ ನೀರಿಲ್ಲದೆ ದಾರಿ ಮುಚ್ಚಿತು ಎಂದರೆ ನಂಬುವುದು ಕಷ್ಟ.

ಮಳೆಯ ವಿಷಯದಲ್ಲಿ ಮಲೆನಾಡಿನವರು ಅಲ್ಲಿಯವರ ಮುಂದೆ ತಲೆ ತಗ್ಗಿಸಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಗಯಾನಾದ ಅತಿ ಒದ್ದೆ ಜಾಗದಲ್ಲೂ 4,000ದ ಆಸುಪಾಸು. ಆದರೆ ನಮ್ಮದು ನಾಲ್ಕು ತಿಂಗಳ ಆರ್ಭಟ, ಅಲ್ಲಿಯದು ಡಿಸೆಂಬರಿನಿಂದ ಜುಲೈವರೆಗೆ ಎಳೆಯುವ ಮಳೆ. ನಡುವೆ ಮಾರ್ಚಿನಲ್ಲಿ ಒಂದಿಷ್ಟು ಹೊಳವು. ಇಷ್ಟು ಹಸಿರು ಇರುವಲ್ಲಿ ಮಣ್ಣು ಫಲವತ್ತಾಗಿರಬೇಕು ಎನ್ನಿಸುತ್ತದೆ. ಅಲ್ಲ. ಅದು ಕೋಟ್ಯಂತರ ವರ್ಷ ತೊಳೆದು ಸವೆದ ಕೆಂಪು ಮಣ್ಣು, ಸತ್ವವೆಲ್ಲ ಮರದ ಮೈಯಲ್ಲಿದೆ, ನೆಲದಲ್ಲಿಲ್ಲ. ಬಿದ್ದ ಎಲೆ ಕೊಳೆಯುವುದೇ ತಡ, ಬೇರುಗಳು ಹೀರಿಕೊಳ್ಳುತ್ತವೆ. ಕಳೆದುಹೋದ ರಂಜಕದ ಒಂದು ಪಾಲು ಬರುವುದು ಗಾಳಿಯಲ್ಲಿ, ಸಹಾರಾ ಮರುಭೂಮಿಯ ಧೂಳಾಗಿ, ಅಟ್ಲಾಂಟಿಕ್ ದಾಟಿ. ವರ್ಷದ ಮೊದಲ ತಿಂಗಳುಗಳಲ್ಲಿ ಕಯೆನ್ ನಗರದ ಆಕಾಶ ಆ ಧೂಳಿನಿಂದ ಮಬ್ಬಾಗುವುದುಂಟು. ಮರುಭೂಮಿಗೆ ಮಳೆಕಾಡು ಋಣಿ. ನೆಲ ಇಷ್ಟು ಬಡವಾಗಿರುವುದಕ್ಕೇ ಅಲ್ಲಿಯವರು ಮಾಡುವುದು ಅಬಾಟಿ, ಅಂದರೆ ನಮ್ಮ ಘಟ್ಟದಲ್ಲಿ ಹಿಂದೆ ಮಾಡುತ್ತಿದ್ದ ಕುಮರಿ ಬೇಸಾಯ. ತುಂಡು ಕಾಡು ಕಡಿದು, ಸುಟ್ಟು, ಬೂದಿಯ ಸಾರದಲ್ಲಿ ಎರಡು ಮೂರು ವರ್ಷ ಬೆಳೆದು, ಬಿಟ್ಟು ಮುಂದಕ್ಕೆ. ಬ್ರಿಟಿಷ್ ಅರಣ್ಯಾಧಿಕಾರಿಗಳು ಇಲ್ಲಿ ಕುಮರಿಯನ್ನು ಹಾಳು ಪದ್ಧತಿ ಎಂದು ನಿಲ್ಲಿಸಿದರು. ಅಲ್ಲಿ ಅದು ಉಳಿದಿದೆ, ಕಾಡೂ ಉಳಿದಿದೆ.

ಅಬಾಟಿಯಲ್ಲಿ ಮುಖ್ಯ ಬೆಳೆ ಕಹಿ ಮರಗೆಣಸು. ನಾವು ಉಪ್ಪು ಹಾಕಿ ಬೇಯಿಸಿ ತಿನ್ನುವ ಮರಗೆಣಸಿನ ದಾಯಾದಿ, ಆದರೆ ಹಸಿಯಾಗಿ ತಿಂದರೆ ಜೀವಕ್ಕೆ ಅಪಾಯ. ಅದರ ಹಾಲಿನಲ್ಲಿ ಸೈನೈಡ್ ಇದೆ. ಹೆಂಗಸರು ಸಿಪ್ಪೆ ತೆಗೆದು, ಹಲವು ಕಡೆ ನೆನೆಹಾಕಿ, ತುರಿಯುತ್ತಾರೆ. ಆ ಒದ್ದೆ ತುರಿಯನ್ನು ತುಂಬುವುದು ಜೊಂಡಿನಂಥ ಗಿಡದ ಸೀಳಿನಿಂದ ಓರೆಯಾಗಿ ಹೆಣೆದ, ಆಳುದ್ದದ ಕೊಳವೆಗೆ. ಕ್ರಿಯೋಲರು ಅದನ್ನು ಕರೆಯುವುದು ಹಾವು ಎಂದೇ. ಕೇರೆಯಂಥ, ವಿಷವಿಲ್ಲದ ಹಾವು. ತುಂಬುವಾಗ ಅದು ಗಿಡ್ಡವಾಗಿ ಉಬ್ಬುತ್ತದೆ, ಇಲಿ ನುಂಗಿದ ಹಾಗೆ. ಮೇಲ್ತುದಿಯನ್ನು ತೊಲೆಗೆ ತೂಗುಹಾಕಿ, ಕೆಳತುದಿಯ ಕುಣಿಕೆಗೆ ಒಂದು ಮರದ ಗಳ ತೂರಿಸಿ, ಗಳದ ಇನ್ನೊಂದು ಕೊನೆಯ ಮೇಲೆ ಒಬ್ಬಾಕೆ ಕೂರುತ್ತಾಳೆ. ಭಾರಕ್ಕೆ ಹಾವು ನೀಳವಾಗುತ್ತದೆ, ನೀಳವಾದಷ್ಟೂ ಸೊರಗುತ್ತದೆ, ಹೆಣಿಗೆಯ ಸಂದಿನಿಂದ ಹಳದಿ ನೀರು ತೊಟ್ಟಿಕ್ಕುತ್ತದೆ. ವಿಷ ಹೋಗುವುದು ಹೀಗೆ. ಉಳಿದ ಹಿಂಡಿಯನ್ನು ಜರಡಿ ಹಿಡಿದು ಅಗಲವಾದ ಕಾವಲಿಯ ಮೇಲೆ ತಟ್ಟಿದರೆ ರೊಟ್ಟಿ, ಕೈಬಿಡದೆ ಹುರಿದರೆ ರವೆಯಂಥ ಕುವಾಕ್. ಆ ವಿಷದ ನೀರನ್ನೂ ಚೆಲ್ಲುವುದಿಲ್ಲ. ತಳದಲ್ಲಿ ನಿಂತ ಗಂಜಿ ಬೇರೆ, ಮೇಲಿನ ನೀರನ್ನು ಹೊತ್ತುಗಟ್ಟಲೆ ಕುದಿಸಿದರೆ ವಿಷ ಹಾರಿ ಅದೇ ಸಾರು. ಮೊದಲ ಸಲ ಇದನ್ನೆಲ್ಲ ಕಂಡುಹಿಡಿದವರು ಯಾರೋ, ಎಷ್ಟು ಜೀವ ತೆತ್ತರೋ. ಸಮುದ್ರ ದಾಟಿ ಬಂದು ಹಸಿವಿನಿಂದ ಸತ್ತ ಆ 1763ರ ರೈತಾಪಿಗಳ ಸುತ್ತಮುತ್ತ ಬೆಳೆದಿದ್ದದ್ದು ಇದೇ ಗೆಡ್ಡೆ.

ಗಯಾನಾದಲ್ಲಿ ಮೂಲನಿವಾಸಿಗಳ ಆರು ಕುಲಗಳು ಉಳಿದಿವೆ. ಕರಾವಳಿಯ ಕಡೆ ಕಲಿನ್ಯ, ಲೊಕೊನೊ, ಪಲಿಕುರ್. ಒಳಗೆ ವಯಾನ, ವಯಾಂಪಿ, ತೆಕೊ. ಇವರನ್ನು ನಾಗರಿಕ ಜಗತ್ತು ನೋಡಿದ ರೀತಿಗೆ ಒಂದೇ ಉದಾಹರಣೆ: 1892ರಲ್ಲಿ 33 ಮಂದಿಯನ್ನು ಪ್ಯಾರಿಸ್ಸಿಗೆ ಕರೆದೊಯ್ದು, ಚಳಿಗಾಲದಲ್ಲಿ, ಉದ್ಯಾನವೊಂದರಲ್ಲಿ ಟಿಕೆಟ್ ಇಟ್ಟು ತೋರಿಸಿದರು. ಕೆಲವರು ಅಲ್ಲೇ ತೀರಿಕೊಂಡರು. ಒಳನಾಡನ್ನು 1930ರಿಂದ 1969ರವರೆಗೆ ಇನಿನಿ ಎಂಬ ಬೇರೆಯೇ ಪ್ರಾಂತ್ಯ ಮಾಡಿ ಹೆಚ್ಚುಕಡಿಮೆ ಅದರಷ್ಟಕ್ಕೆ ಬಿಟ್ಟಿದ್ದರು. ಅನಂತರ ಕಮ್ಯೂನ್ ಬಂತು, ಮೇಯರ್ ಬಂದ, ಗುರುತಿನ ಚೀಟಿ, ಭತ್ಯೆ, ಶಾಲೆ ಬಂದವು. ಕರಾವಳಿಯಲ್ಲಿ 1930ರ ದಶಕದಿಂದಲೇ ಪಾದ್ರಿಗಳ ವಸತಿಶಾಲೆಗಳಿದ್ದವು. ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ, ಮಾತು ಬಿಡಿಸಿ, ಫ್ರೆಂಚರನ್ನಾಗಿ ಮಾಡುವ ಶಾಲೆಗಳು. ಈಗಿನ ಶಾಲೆ ಅಷ್ಟು ಕಠಿಣವಲ್ಲ. ಆದರೂ ಮೇಲ್ಹೊಳೆಯ ವಯಾನ ಹಳ್ಳಿಯ ಮಗು ಪ್ರಾಥಮಿಕ ಮುಗಿಸಿದ ಮೇಲೆ, ಹನ್ನೊಂದರ ವಯಸ್ಸಿಗೆ, ದೋಣಿ ಹತ್ತಿ ಮಾರಿಪಸೂಲಕ್ಕೆ ಹೋಗಿ ಪರರ ಮನೆಯಲ್ಲೋ ಹಾಸ್ಟೆಲಿನಲ್ಲೋ ಇರಬೇಕು. ಓದು ಮುಂದುವರಿದರೆ ವಿಮಾನ ಹತ್ತಿ ಕರಾವಳಿಗೆ. ಅಲ್ಲಿ ಅವನಿಗೆ ಊರಿಲ್ಲ, ಮರಳಿ ಬಂದರೆ ಇಲ್ಲಿ ಗಳ ಹಿಡಿಯಲು ಬರುವುದಿಲ್ಲ. ಈ ಹಳ್ಳಿಗಳ ಎಳೆಯರಲ್ಲಿ ಆತ್ಮಹತ್ಯೆಗಳು ಎಷ್ಟಾದವೆಂದರೆ, 2015ರಲ್ಲಿ ಪ್ಯಾರಿಸ್ಸಿನ ಇಬ್ಬರು ಸಂಸದೆಯರು ಅದರ ಮೇಲೆಯೇ ಸರ್ಕಾರಕ್ಕೆ ವರದಿ ಬರೆಯಬೇಕಾಯಿತು.

ಇನ್ನು ಚಿನ್ನ. 1855ರಲ್ಲಿ ಸಿಕ್ಕಿದ್ದು, ಇನ್ನೂ ಬಿಟ್ಟಿಲ್ಲ. ಬ್ರೆಜಿಲಿನ ಬಡ ಸೀಮೆಗಳಿಂದ ನದಿ ದಾಟಿ, ಕಾಡು ಹೊಕ್ಕು ಕಳ್ಳಗಣಿ ತೋಡುವವರನ್ನು ಗರಿಂಪೇರೊ ಎನ್ನುತ್ತಾರೆ. ಅವರ ಸಂಖ್ಯೆ ಸಾವಿರಗಟ್ಟಲೆ. ವರ್ಷಕ್ಕೆ 10 ಟನ್ ಚಿನ್ನ ಹೀಗೆ ಹೋಗುತ್ತದೆಂಬ ಅಂದಾಜಿದೆ. ಪಂಪಿನಿಂದ ದಂಡೆಗೆ ನೀರು ಚಿಮ್ಮಿಸಿ ಮಣ್ಣನ್ನು ಕೆಸರು ಮಾಡಿ, ಅದಕ್ಕೆ ಪಾದರಸ ಸೇರಿಸುತ್ತಾರೆ. ಅದು ಚಿನ್ನದ ಪುಡಿಯನ್ನು ಅಪ್ಪಿಕೊಂಡು ಉಂಡೆಯಾಗುತ್ತದೆ. ಉಂಡೆಯನ್ನು ಬಾಣಲೆಯಲ್ಲಿ ಕಾಯಿಸಿದರೆ ಪಾದರಸ ಆವಿ, ಚಿನ್ನ ಬಾಕಿ. ಒಂದು ಕಿಲೋ ಚಿನ್ನಕ್ಕೆ ಒಂದು ಕಿಲೋಗೂ ಮಿಕ್ಕಿದ ಪಾದರಸ. ಸಾಲದ್ದಕ್ಕೆ ಗಯಾನಾದ ಹಳೆಯ ಮಣ್ಣಿನಲ್ಲೇ ಪಾದರಸ ಇದೆ, ದಂಡೆ ಕೊರೆದಾಗ ಅದೂ ಹೊಳೆ ಸೇರುತ್ತದೆ. ಕೆಸರಿನ ಸೂಕ್ಷ್ಮಜೀವಿ ಅದನ್ನು ಮಾರ್ಪಡಿಸುತ್ತದೆ, ಸಣ್ಣ ಮೀನು ತಿನ್ನುತ್ತದೆ, ಸಣ್ಣದನ್ನು ಐಮರ ಎಂಬ ಕೋರೆಹಲ್ಲಿನ ದೊಡ್ಡ ಮೀನು ತಿನ್ನುತ್ತದೆ, ಐಮರವನ್ನು ವಯಾನರು ತಿನ್ನುತ್ತಾರೆ. ಅವರ ತಲೆಗೂದಲು ಪರೀಕ್ಷಿಸಿದಾಗ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಮೀರಿದ ಪಾದರಸ ಕಂಡಿತು. ಬಸುರಿಯರು ದೊಡ್ಡ ಮೀನು ತಿನ್ನಬೇಡಿ ಎಂಬುದು ವೈದ್ಯರ ಸಲಹೆ. ಮೀನೇ ಊಟವಾದ ಮನೆಯಲ್ಲಿ ಈ ಸಲಹೆಯನ್ನು ಏನು ಮಾಡುವುದು? ಗಣಿಯಲ್ಲಿ ಪಾದರಸ ಬಳಸಕೂಡದೆಂದು 2006ರಲ್ಲಿ ಕಾನೂನು ಬಂತು. 2008ರಿಂದ ಸೇನೆ ಹೆಲಿಕಾಪ್ಟರಿನಲ್ಲಿ ಇಳಿದು ಪಂಪು ಸುಡುತ್ತಿದೆ. ಗರಿಂಪೇರೊಗಳು ಪೊದೆಯಲ್ಲಿ ಅವಿತು, ಹೆಲಿಕಾಪ್ಟರ್ ಹೋದ ಮೇಲೆ ಬಂದು, ಹೂತಿಟ್ಟ ಇನ್ನೊಂದು ಪಂಪು ತೆಗೆಯುತ್ತಾರೆ. ಚಿನ್ನದ ಬೆಲೆ ಏರಿದಾಗಲೆಲ್ಲ ಆ ಕಾಡಿನಲ್ಲಿ ಜನ ಹೆಚ್ಚುತ್ತಾರೆ.

ಹಳೆಯ ಚಿನ್ನದ ಅಮಲಿನಲ್ಲಿ ನಮ್ಮವರೂ ಸಿಕ್ಕಿಬಿದ್ದಿದ್ದಾರೆ. ಗುಲಾಮಗಿರಿ ನಿಂತ ಮೇಲೆ ಕೂಲಿಗಾಗಿ 1856ರಿಂದ ಪುದುಚೇರಿ, ಕಾರೈಕಲ್ ಬಂದರುಗಳ ಮೂಲಕ ಸುಮಾರು 8,000 ಭಾರತೀಯರನ್ನು ಗಯಾನಾಕ್ಕೆ ಒಯ್ದರು. ಹೆಚ್ಚಿನವರು ತಮಿಳರು. ಕಬ್ಬಿನ ಕೆಲಸವೆಂದು ಕರಾರು, ಬಹಳ ಮಂದಿಯನ್ನು ನೂಕಿದ್ದು ಚಿನ್ನದ ಗುಂಡಿಗೆ. ಸಾವು ಎಷ್ಟಾಯಿತೆಂದರೆ ಬ್ರಿಟಿಷ್ ಸರ್ಕಾರವೇ 1870ರ ದಶಕದಲ್ಲಿ ಅಲ್ಲಿಗೆ ಆಳು ಕಳಿಸುವುದನ್ನು ನಿಲ್ಲಿಸಿತು. ಪಕ್ಕದ ಸುರಿನಾಮಿನಲ್ಲಿ, ಹಿಂದೆ ಬ್ರಿಟಿಷ್ ಗಯಾನಾ ಆಗಿದ್ದ ನಾಡಿನಲ್ಲಿ ಭಾರತೀಯ ಮೂಲದವರದು ಇಂದು ದೊಡ್ಡ ಸಮಾಜ. ಇಲ್ಲಿ ಉಳಿದದ್ದು ಚದುರಿದ ಕೆಲವು ಮನೆತನಗಳಷ್ಟೆ.

ಉಪಗ್ರಹದ ಜೊತೆ ಕೂರಿಗೆ ಹೋಗಿ ವಾರಗಟ್ಟಲೆ ಇದ್ದು ಬಂದ ಎಂಜಿನಿಯರ್ ಒಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಉಡಾವಣೆಯ ವಿಷಯ ಕೇಳಿದರೆ ಎರಡು ಮಾತಿನಲ್ಲಿ ಮುಗಿಸುತ್ತಾರೆ, ತರಕಾರಿಯ ವಿಷಯ ಬಂದರೆ ಅರ್ಧ ಗಂಟೆ. “ಸಮುದ್ರ ಅಂದ್ರೆ ನೀಲಿ ಅನ್ಕೊಂಡು ಹೋದೆ ಕಣಪ್ಪ, ನೋಡಿದ್ರೆ ಕೆಮ್ಮಣ್ಣು ಕದಡಿದಂಗಿದೆ” ಎಂದೇ ಶುರು. ಅಮೆಜಾನ್ ನದಿ ಕಕ್ಕಿದ ಕೆಸರು ಆ ತೀರದುದ್ದಕ್ಕೂ ತೆವಳುತ್ತ ಹೋಗುವುದರಿಂದ ಆ ಬಣ್ಣ. ಸೂಪರ್ ಮಾರ್ಕೆಟ್ಟಿನಲ್ಲಿ ಎಲ್ಲವೂ ಫ್ರಾನ್ಸಿನಿಂದ ಹಡಗಿನಲ್ಲಿ ಬಂದದ್ದು. ತಿನ್ನುವ ಪದಾರ್ಥದ ಬೆಲೆ ಫ್ರಾನ್ಸಿಗಿಂತ ಶೇ 40ರಷ್ಟು ಜಾಸ್ತಿ. ಸೊಪ್ಪಿಗೆ ಬಾಯಿ ಬಿಡುತ್ತಿದ್ದ ಇವರನ್ನು ಯಾರೋ ಭಾನುವಾರ ಕಕಾವೊ ಎಂಬ ಹಳ್ಳಿಯ ಸಂತೆಗೆ ಕರೆದೊಯ್ದರು. “ಹಾಗಲಕಾಯಿ, ಗೇಣುದ್ದದ ಅಲಸಂದೆ, ಗುಂಡು ಬದನೆ, ಕೊತ್ತಂಬರಿ! ಮಾರೋರು ಮಾತ್ರ ಚೀನಾದವರ ಥರ.” ಅವರು ಚೀನಾದವರಲ್ಲ, ಲಾವೋಸಿನ ಹ್ಮಾಂಗ್ ಜನ. ವಿಯೆಟ್ನಾಂ ಯುದ್ಧದಲ್ಲಿ ಸೋತ ಪಕ್ಷದ ಕಡೆ ಹೋರಾಡಿ ನೆಲೆ ತಪ್ಪಿದವರು. 1977ರಲ್ಲಿ ಫ್ರಾನ್ಸ್ ಅವರನ್ನು ಕರೆತಂದು ಕಕಾವೊದ ಕಾಡಿನಲ್ಲಿ ಇಳಿಸಿದಾಗ ಕಯೆನ್‌ನಲ್ಲಿ ಪ್ರತಿಭಟನೆ ನಡೆದಿತ್ತು. ಈಗ ಆ ನಾಡಿನ ತರಕಾರಿಯ ಬಹುಪಾಲು ಬೆಳೆಯುವವರು, ಜನಸಂಖ್ಯೆಯಲ್ಲಿ ಶೇ 2ಕ್ಕೂ ಹೆಚ್ಚಿಲ್ಲದ ಇವರೇ.

ಉಡಾವಣಾ ಕೇಂದ್ರದ ಬೇಲಿಯಾಚೆಯ ಬದುಕು ರಾಕೆಟ್ಟಿಗೂ ತಟ್ಟಿದ್ದು 2017ರಲ್ಲಿ. ಕೊಲೆ ಸುಲಿಗೆ ಹೆಚ್ಚಿ, ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲದೆ, ಎಷ್ಟೋ ಹಳ್ಳಿಗಳಿಗೆ ಕರೆಂಟು, ಕುಡಿಯುವ ನೀರು ಇಲ್ಲದೆ ಜನ ಬೇಸತ್ತಿದ್ದರು. ಮಾರ್ಚಿನಲ್ಲಿ ರಸ್ತೆಯ ವೃತ್ತಗಳನ್ನೆಲ್ಲ ಕಟ್ಟಿಹಾಕಿದರು. ‘ನೂ ಗೊಂ ಕೆ ಸಾ’ ಎಂಬುದು ಕ್ರಿಯೋಲ್ ಘೋಷಣೆ, ‘ಸಾಕಾಗಿ ಹೋಗಿದೆ’ ಎಂದರ್ಥ. ಸಿದ್ಧವಾಗಿ ನಿಂತಿದ್ದ ಏರಿಯಾನ್ ರಾಕೆಟ್ಟನ್ನು ಉಡಾವಣಾ ಕಟ್ಟೆಗೆ ಎಳೆದೊಯ್ಯಲಾಗಲಿಲ್ಲ. ಒಂದು ತಿಂಗಳು ಇಡೀ ನಾಡು ನಿಂತಿತು. ಏಪ್ರಿಲ್ 21ರಂದು ಪ್ಯಾರಿಸ್ ಕೋಟಿಗಟ್ಟಲೆ ಯೂರೊಗಳ ಮಾತು ಕೊಟ್ಟು ಸಹಿ ಹಾಕಿದ ಮೇಲೆ ಬೇಲಿ ತೆರೆಯಿತು. ಸರದಿಯಲ್ಲಿ ಕಾಯುತ್ತಿದ್ದ ನಮ್ಮ ಜಿಸ್ಯಾಟ್-17 ಜೂನ್ ಕೊನೆಯಲ್ಲಿ ಹಾರಿತು. ಹಾಸನದ ಬುಟ್ಟಿಗಳು ಎಂದಿನಂತೆ ಅದರ ಲಗಾಮು ಹಿಡಿದವು.

ನಮ್ಮ ಎಂಜಿನಿಯರ್ ಬರುವಾಗ ಕಯೆನ್ ಸಂತೆಯಿಂದ ಎರಡು ಕಿಲೋ ಕುವಾಕ್ ತಂದಿದ್ದರು. ಮಾರಿದಾಕೆ ಒಳನಾಡಿನವಳು, ನದಿಯಲ್ಲಿ ಇಳಿದು ಬಂದಿದ್ದಳಂತೆ. ಹೇಗೆ ತಿನ್ನಬೇಕೆಂದು ಕೈಸನ್ನೆಯಲ್ಲೇ ತೋರಿಸಿದಳಂತೆ: ಮೀನಿನ ಸಾರಿಗೆ ಉದುರಿಸಿಕೋ. ಮನೆಯಲ್ಲಿ ಮೀನು ಮುಟ್ಟದ ಅವರ ತಾಯಿ ಆ ಹಳದಿ ಕಾಳನ್ನು ಅಂಗೈಯಲ್ಲಿ ಉಜ್ಜಿ, ಮೂಸಿ, “ಇದು ಬನ್ಸಿ ರವೆ ಕಣೋ” ಎಂದು ತೀರ್ಮಾನಿಸಿ ಒಗ್ಗರಣೆಗೆ ಇಟ್ಟರು. ಸಾಸಿವೆ, ಕಡ್ಲೆಬೇಳೆ, ಕರಿಬೇವು, ಈರುಳ್ಳಿ. ಬೀದಿಯ ನಾಲ್ಕಾರು ಮನೆಗೆ ಬಟ್ಟಲಲ್ಲಿ ಬಂತು. ಉಪ್ಪಿಟ್ಟು ಉದುರುದುರಾಗಿತ್ತು, ಹಲ್ಲಿಗೆ ಸ್ವಲ್ಪ ಗಟ್ಟಿ, ನಾಲಿಗೆಯ ತುದಿಗೆ ತುಸು ಹುಳಿ. ಮೊಸರು ಹಾಕಿ ಕಲಸಿದ್ದೀರಾ ಎಂದು ನಮ್ಮಮ್ಮ ಕೇಳಿದರು.